ಕಾಪು ಕಡಲ ಪಕ್ಕ, ನಾಯಿಗೂ ಜಾಗ ಇರುವ ಮನೆ

ಫೋನಿನಲ್ಲಿ "ನಾಯಿ ಇದ್ರೂ ಪರವಾಗಿಲ್ಲ" ಎಂದು ಹೇಳಿ, ಹೋದ ಮೇಲೆ "ಹಿತ್ತಲಲ್ಲಿ ಕಟ್ಟಿಹಾಕಿ" ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಕಾಪು ದೀಪಸ್ತಂಭದಿಂದ ಹತ್ತು ನಿಮಿಷ ನಡೆದರೆ ಸಿಗುವ ಈ ಹೋಂಸ್ಟೇ ಹಾಗಲ್ಲ. ನಮ್ಮ ಕರಿಯ ಬೀದಿಯಲ್ಲಿ ಸಿಕ್ಕ ನಾಟಿ ನಾಯಿ. ಜಾತಿ ಯಾವುದು ಅಂತ ಇಲ್ಲಿ ಯಾರೂ ಕೇಳಲಿಲ್ಲ!

ಮೆಟ್ಟಿಲ ಪಕ್ಕದಲ್ಲೇ ಗಿಡ್ಡ ನಲ್ಲಿ, ಒಂದು ಹಳೇ ಗೋಣಿಚೀಲ. ಸಮುದ್ರದಿಂದ ಬಂದ ಕೂಡಲೇ ಕಾಲು ತೊಳೆದು ಒರೆಸಿದರೆ ಮರಳು ಒಳಗೆ ಬರುವುದಿಲ್ಲ. ಒಳಗೆ ಕೆಂಪು ಕಾವಿ ನೆಲ, ತಣ್ಣಗೆ. ಕರಿಯ ಮಧ್ಯಾಹ್ನವೆಲ್ಲ ಅದರ ಮೇಲೆ ಹೊಟ್ಟೆ ಚಾಚಿ ಮಲಗಿದ್ದ. ಮನೆಯ ಅಮ್ಮ ಬಂಗುಡೆ ಬೇಯಿಸಿ, ಮುಳ್ಳು ತೆಗೆದು, ಕುಚ್ಚಲಕ್ಕಿ ಅನ್ನಕ್ಕೆ ಕಲಸಿ ತಂದರು. "ಇವನದ್ದಕ್ಕೆ ಉಪ್ಪು ಹಾಕ್ಲಿಲ್ಲ ಮಾರಾಯ್ರೆ" ಅಂದರು. ನಮ್ಮ ಸಾರಿಗೆ ಮಾತ್ರ ಖಾರ ಸ್ವಲ್ಪ ಜಾಸ್ತಿ.

ನಾಯಿಗೆ ದಿನಕ್ಕೆ 300 ರೂಪಾಯಿ ಬೇರೆ. ಕೂದಲು ಗುಡಿಸುವ ಕಷ್ಟ ನನಗೂ ಗೊತ್ತು, ಕೊಡಬಹುದು ಬಿಡಿ.

ಒಂದು ತಕರಾರಿದೆ. ಗೇಟಿನ ಕೆಳಗೆ ಒಂದು ಗೇಣು ಸಂದು. ಮೊದಲ ರಾತ್ರಿಯೇ ಕರಿಯ ನುಸುಳಿ ಹೋಗಿ ಬೀದಿನಾಯಿಗಳ ಜೊತೆ ಜಗಳ ಆಡಿ ಬಂದ. ಬೆಳಿಗ್ಗೆ ಹೇಳಿದ್ದಕ್ಕೆ ಹರಿದ ಮೀನುಬಲೆ ಕಟ್ಟಿಕೊಟ್ಟರು. ಮೊದಲೇ ಕಟ್ಟಬಹುದಿತ್ತು, ಅಲ್ವಾ?

ಹೋಗುವವರು ಕುಡಿಯುವ ನೀರು ಜೊತೆಗೇ ಒಯ್ಯಿರಿ. ಉಪ್ಪುನೀರು ನೆಕ್ಕಿ ನಮ್ಮವನು ಎರಡು ಸಲ ವಾಂತಿ ಮಾಡಿದ, ಅದೂ ನನ್ನ ಚಪ್ಪಲಿ ಮೇಲೆ.