ಕೋಡಿಬಾಗ ರಸ್ತೆಯ ಬೋರ್ಡಿಲ್ಲದ ಖಾನಾವಳಿ

ಕಾರವಾರದಲ್ಲಿ ಮೀನೂಟ ಎಲ್ಲಿ ಚೆನ್ನಾಗಿದೆ ಅಂತ ಕೇಳಿದರೆ ಎಲ್ಲರೂ ದೊಡ್ಡ ಹೋಟೆಲುಗಳ ಹೆಸರನ್ನೇ ಹೇಳುತ್ತಾರೆ. ನಾನು ಹೇಳುವುದು ಕೋಡಿಬಾಗ ರಸ್ತೆಯ ಒಳಗಲ್ಲಿಯ ಒಂದು ಖಾನಾವಳಿ. ಬೋರ್ಡ್ ಇಲ್ಲ. ನಾಲ್ಕು ಬೆಂಚು, ಒಬ್ಬ ಅಕ್ಕ, ಅವರ ತಂಗಿ, ಅಷ್ಟೇ.

ಕುಚ್ಚಲಕ್ಕಿ ಅನ್ನ, ಬಾಂಗಡೆ ಸಾರು, ಒಂದು ಪಲ್ಯ, ಕಾಯಿಹಾಲಿಗೆ ಕೋಕಂ ಬೆರೆಸಿದ ಸೋಲ್‌ಕಡಿ. ಸಾರು ಒಂದು ದಿನವೂ ಕೆಟ್ಟಿದ್ದಿಲ್ಲ. ಸೋಲ್‌ಕಡಿ ಮಾತ್ರ ಈಚೆಗೆ ನೀರು ನೀರು. ಕೇಳಿದರೆ, "ಕಾಯಿ ರೇಟು ನೋಡಿ ಮಾತಾಡು" ಅಂತಾರೆ.

ಈ ಜಾಗ ಗೊತ್ತಾಗಿದ್ದು 2021ರಲ್ಲಿ, ಬಿ.ಕಾಂ ಓದುವಾಗ. ಏಪ್ರಿಲ್ ಕೊನೆಗೆ ಮತ್ತೆ ಲಾಕ್‌ಡೌನ್ ಬಂತು. ಜೋಯಿಡಾ ಕಡೆಯ ನಮ್ಮೂರಲ್ಲಿ ಸುಮ್ನೆ ಫೋನ್ ಮಾಡಲಿಕ್ಕೂ ಗುಡ್ಡ ಹತ್ತಬೇಕು, ಇನ್ನು ಆನ್‌ಲೈನ್ ಕ್ಲಾಸ್ ಎಲ್ಲಿಂದ ಬಂತು? ಹಾಗಾಗಿ ನಾಲ್ವರು ರೂಮಿನಲ್ಲೇ ಉಳಿದೆವು. ಅಪ್ಪನ ಕೂಲಿ ನಿಂತಿತ್ತು. ಡಾಟಾ ಹಾಕಿಸಿದರೆ ಊಟಕ್ಕೆ ಕಡಿಮೆ ಬೀಳುತ್ತಿತ್ತು. ಎರಡು ಪಾರ್ಸೆಲ್ ತಂದು ನಾಲ್ಕು ಜನ ತಿನ್ನುವುದು.

ಅಕ್ಕನಿಗೆ ಇದು ಗೊತ್ತಾಗಿದ್ದರೂ ಬಾಯಿಬಿಟ್ಟು ಹೇಳಲಿಲ್ಲ. ಅನ್ನದ ಪೊಟ್ಟಣ ಮಾತ್ರ ದಪ್ಪ ಆಗುತ್ತಾ ಬಂತು. ಕೊನೆಗೆ ಉದ್ರಿ ಕೇಳಿದಾಗ ಪುಸ್ತಕವನ್ನು ನಮ್ಮ ಕಡೆ ತಿರುಗಿಸಿದರು. "ನೀವೇ ಬರ್ಕೊಳ್ಳಿ ತಮಾ, ನಂಗೆ ಕನ್ನಡಕ ಇಲ್ದೆ ಕಾಣೂದಿಲ್ಲ." ಕನ್ನಡಕ ಅವರ ಕೊರಳಲ್ಲೇ ನೇತಾಡುತ್ತಿತ್ತು! ಸ್ಕಾಲರ್‌ಶಿಪ್ ಬಂದ ಮೇಲೆ ತೀರಿಸಿದೆವು. ಅಲ್ಲಿಯವರೆಗೆ ಒಮ್ಮೆಯೂ ಕೇಳಿದವರಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ, ಹಸಿ ಮೀನು ತುಟ್ಟಿ. ಆಗ ಗಂಜಿ, ಒಣ ಸೀಗಡಿ ಚಟ್ನಿ. ಫ್ರೈಗಿಂತ ಇವತ್ತಿಗೂ ನನಗೆ ಅದೇ ಜಾಸ್ತಿ ಇಷ್ಟ.

ನಮ್ಮಲ್ಲೊಬ್ಬ ಆ ಮಳೆಗಾಲದಲ್ಲಿ ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದ. ಪಾರ್ಸೆಲ್ ಒಯ್ಯಲು ಅವನು ಬರದೇ ಹೋದಾಗ, "ಆ ಸಣಕಲ ಎಲ್ಲಿ?" ಅಂತ ಮೊದಲು ವಿಚಾರಿಸಿದ್ದು ಅಕ್ಕ. ಆಮೇಲೆ ನಿಮ್ಹಾನ್ಸ್ ಸಹಾಯವಾಣಿಗೆ ಫೋನ್ ಮಾಡಿಸಿದೆವು. ಕನ್ನಡದಲ್ಲೇ, ಗಡಿಬಿಡಿ ಇಲ್ಲದೆ ಮಾತಾಡಿದರು. ಈಗಿನವರಿಗೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ.

ಈಗ ಊಟ ನೂರು ರೂಪಾಯಿ, ಫ್ರೈ ಬೇರೆ. ಒಂದೂವರೆ ಮೇಲೆ ಹೋದರೆ ಬಾಂಗಡೆ ಖಾಲಿ. ಒಳಗೆ ನೆಟ್‌ವರ್ಕ್ ಸರಿ ಬರೋದಿಲ್ಲ, ಚಿಲ್ಲರೆ ಇಟ್ಟುಕೊಂಡು ಹೋಗಿ. ಉದ್ರಿ ಕಾಲೇಜು ಮಕ್ಕಳಿಗೆ ಮಾತ್ರ. ನೌಕರಿ ಸಿಕ್ಕಿದ ಮೇಲೆ ಕೇಳಿ ನಾನು ಬೈಸಿಕೊಂಡಿದ್ದೇನೆ.