350 ರೂಪಾಯಿಗೆ ಸಿಕ್ಕ ಶೆಫೀಲ್ಡ್ ಉಸ್ತರಾ

ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಒಂದು ಹಳೆ ಸಾಮಾನಿನ ಅಂಗಡಿ ಇದೆ. ಹಿತ್ತಾಳೆ ಚೊಂಬು, ನಿಂತುಹೋದ ಗಡಿಯಾರಗಳ ನಡುವೆ ಒಂದು ಬಿಸ್ಕತ್ತಿನ ಡಬ್ಬಿ. ಅದರ ತುಂಬ ಮಡಚುವ ಉಸ್ತರಾಗಳು, ಅಂದರೆ ಕ್ಷೌರದ ಕತ್ತಿಗಳು. ಕಟಿಂಗ್ ಅಂಗಡಿಗಳಿಗೆ ಅರ್ಧ ಬ್ಲೇಡ್ ಹಾಕುವ ಉಸ್ತರಾ ಬಂದ ಮೇಲೆ ಇವನ್ನು ಕೇಳುವವರು ಕಡಿಮೆ.

ಹೋದ ವರ್ಷ ಆನ್‌ಲೈನ್‌ನಲ್ಲಿ 2,200 ಕೊಟ್ಟು ಒಂದು ತರಿಸಿದ್ದೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪಾಲಿಶ್ ಹೊಡೆದು ತುಕ್ಕಿನ ಗುಂಡಿ ಮರೆಮಾಡಿದ್ದರು. ಮಸೆಯುವ ಕಲ್ಲಿಗೆ ಹಚ್ಚಿದ ಕೂಡಲೇ ಅಂಚು ಉದುರಿತು. ತುಂಬಾ ಬೇಜಾರಾಯಿತು.

ಅದಕ್ಕೇ ಈ ಸಲ ಭೂತಗನ್ನಡಿ ಒಯ್ದಿದ್ದೆ. ಅಂಗಡಿಯವರು ಸ್ಟೂಲ್ ಕೊಟ್ಟು ಕೂರಿಸಿದರು, ಒಂದು ತಾಸು ನೋಡಲು ಬಿಟ್ಟರು. ಅಲಗಿನ ಮೇಲೆ ಕೆಂಪು ತುಕ್ಕಿದ್ದರೆ ನಡೆಯುತ್ತದೆ, ಉಜ್ಜಿದರೆ ಹೋಗುತ್ತದೆ. ಅಂಚಿನ ಹತ್ತಿರ ಕಪ್ಪು ಚುಕ್ಕೆ ಇದ್ದರೆ ಸುಮ್ನೆ ಇಟ್ಟುಬಿಡಿ. ಆಮೇಲೆ ಬೆನ್ನು, ಅಂದರೆ ಅಂಚಿನ ಎದುರಿನ ದಪ್ಪ ಬದಿ ನೋಡಿ. ಎರಡೂ ಕಡೆ ಸವೆತ ಒಂದೇ ಅಗಲ ಇರಬೇಕು. ಒಂದೇ ಕಡೆ ಜಾಸ್ತಿ ಸವೆದಿದ್ದರೆ ಅಲಗು ಸೊಟ್ಟಗಿರಬಹುದು, ಇಲ್ಲವೇ ಯಾರೋ ಕೆಟ್ಟದಾಗಿ ಮಸೆದಿದ್ದಾರೆ. ಹಿಡಿ ಒಡೆದಿದ್ದರೆ ಚಿಂತೆ ಬೇಡ, ಹಿಡಿ ಬದಲಿಸಬಹುದು. ಅಲಗು ಬದಲಿಸಲು ಆಗಲ್ಲ, ಅಲ್ವಾ?

ನಾನು ಆರಿಸಿದ್ದು ಜೋಸೆಫ್ ರಾಜರ್ಸ್ ಎಂಬ ಹಳೆ ಇಂಗ್ಲಿಷ್ ಕಂಪನಿಯದು. ಬುಡದಲ್ಲಿ ನಕ್ಷತ್ರ ಮತ್ತು ಶಿಲುಬೆಯ ಗುರುತು, ಜೊತೆಗೆ ಶೆಫೀಲ್ಡ್ ಎಂಬ ಹೆಸರು, ಚಾಕು ಕತ್ತರಿಗೆ ಹೆಸರಾದ ಇಂಗ್ಲೆಂಡಿನ ಊರು. "ಅಸಲಿ ಮಾಲ್ ಅದರೀ ಸರ್, ಧಾರ್ ಒಂದು ಇಲ್ಲ" ಎಂದರು ಅಂಗಡಿಯವರು. 500 ಹೇಳಿ 350ಕ್ಕೆ ಕೊಟ್ಟರು. ಧಾರ ಇಲ್ಲ ಎಂದು ಬಾಯಿಬಿಟ್ಟು ಹೇಳಿದ್ದು ನನಗೆ ಬಹಳ ಹಿಡಿಸಿತು.

ಮನೆಯಲ್ಲಿ ಸ್ಪಿರಿಟ್ ಹಚ್ಚಿ ಒರೆಸಿ, ಶಹಾಬಜಾರದ ಒಬ್ಬ ಹಿರಿಯ ಕ್ಷೌರಿಕರ ಹತ್ತಿರ ಒಯ್ದೆ. ಅಲಗನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸಿ ಮಸೆದರು. "ಬೆನ್ನು ಕಲ್ಲು ಬಿಡಬಾರದು ನೋಡ್ರಿ, ಎತ್ತಿದ್ರ ಧಾರ್ ಹೋಯ್ತು" ಎಂದರು. ಕೊನೆಗೆ ಚರ್ಮದ ಪಟ್ಟಿಯ ಮೇಲೆ ಎಳೆದರು, ಅಲ್ಲಿ ಬೆನ್ನು ಮುಂದೆ, ಅಂಚು ಹಿಂದೆ. 200 ತೆಗೆದುಕೊಂಡರು. ಅಲ್ಲಿಗೆ ಒಟ್ಟು 550.

ನನ್ನದು ಗಡುಸು ಗಡ್ಡ. ಈ ಉಸ್ತರಾದ ಅಲಗು ದಪ್ಪ, ತೂಕ ಜಾಸ್ತಿ. ಒತ್ತುವುದೇ ಬೇಡ, ತನ್ನ ಭಾರಕ್ಕೇ ಇಳಿಯುತ್ತದೆ. ಗದ್ದದ ಕೆಳಗೆ ಈಗ ಉರಿ ಇಲ್ಲ. ಪ್ರತಿ ಸಲ ಒರೆಸಿ ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆ ಹಚ್ಚಿ ಇಡುತ್ತೇನೆ.

ಅಂಗಡಿಯ ಡಬ್ಬಿಯಲ್ಲಿ ಜರ್ಮನಿಯ ಸೋಲಿಂಗನ್ ಊರಿನ ಒಂದು ಉಸ್ತರಾ ಕೂಡ ಇತ್ತು. ಹಿಡಿ ಸೀಳಿದೆ, ಅಲಗು ಚೆನ್ನಾಗಿದೆ. ನನಗೆ ಒಂದೇ ಸಾಕಾಗಿ ಬಿಟ್ಟು ಬಂದೆ.