ಕಾಲಿಗಿಳಿದ ಸೊಂಟ ನೋವು: ಹಾಸಿಗೆ, ಮಾತ್ರೆ, ಇಂಜೆಕ್ಷನ್, ವ್ಯಾಯಾಮ ಎಲ್ಲಾ ನೋಡಿದ ಮೇಲೆ

ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಒಂದು ಬಾಕ್ಸ್ ಅಂದ್ರೆ 15 ಕೆಜಿ. ಮಂಡಿಯಲ್ಲಿ ನನ್ನದು ಲೆಕ್ಕ ಬರೆಯುವ ಕೆಲಸ. ಆದರೆ ಸೀಸನ್ನಲ್ಲಿ ಬಾಕ್ಸಿಗೆ ಕೈ ಹಾಕದೆ ಆಗುವುದಿಲ್ಲ. ಹೋದ ವರ್ಷ ಹಾಗೆ ಬಗ್ಗಿ ತಿರುಗಿದಾಗ ಸೊಂಟ ಹಿಡಿಯಿತು. ಎರಡೇ ದಿನಕ್ಕೆ ನೋವು ಪಿರ್ರೆಯಿಂದ ತೊಡೆಯ ಪಕ್ಕಕ್ಕೆ, ಅಲ್ಲಿಂದ ಕಾಲಿನ ಹೆಬ್ಬೆರಳಿಗೆ ಇಳಿಯಿತು. ಕೆಮ್ಮಿದರೆ ಕರೆಂಟ್ ಹೊಡೆದ ಹಾಗೆ.

ಎಲ್4-ಎಲ್5 ಡಿಸ್ಕ್ (ಸೊಂಟದ ನಾಲ್ಕನೇ, ಐದನೇ ಮೂಳೆಗಳ ನಡುವಿನ ಮೆತ್ತೆ) ಸವೆದಿದೆ, ಉಬ್ಬಿ ನರ ಒತ್ತುತ್ತಿದೆ ಎಂದು ಎಂಆರ್‌ಐ ರಿಪೋರ್ಟ್ ಬಂತು. 'ಸವೆದಿದೆ' ಅನ್ನೋ ಮಾತಿಗೇ ನನ್ನ ಜೀವ ಅರ್ಧ ಹೋಗಿತ್ತು. ಡಿಸ್ಕಿನ ಒಳಗಿನ ತಿರುಳಲ್ಲಿರುವ ನೀರು ವಯಸ್ಸಾದಂತೆ ಎಲ್ಲರಿಗೂ ಕಡಿಮೆಯಾಗುತ್ತದೆ ಎಂದು ಆಮೇಲೆ ತಿಳಿಯಿತು. ನೋವೇ ಇಲ್ಲದವರ ಸ್ಕ್ಯಾನ್‌ಗಳ ಬಗ್ಗೆ 2015ರಲ್ಲಿ ಬಂದ ಒಂದು ಅಧ್ಯಯನದಲ್ಲಿ, 20 ವರ್ಷದವರಲ್ಲೇ ಶೇ 37 ಮಂದಿಗೆ ಈ ಸವೆತ ಇತ್ತು. 80ರವರಲ್ಲಿ ಶೇ 96. ಹಾಗಾಗಿ ನನ್ನ ಕಾಲನ್ನು ಕಾಡಿದ್ದು ಸವೆತಕ್ಕಿಂತ ಜಾಸ್ತಿ, ನರದ ಮೇಲೆ ಬಿದ್ದ ಒತ್ತಡ.

ಮೊದಲು ಹಾಸಿಗೆ. "ಏಳಬೇಡ ಕಣಪ್ಪ, ಮಲ್ಕೋ" ಅಂದರು ಅಮ್ಮ. ಎರಡು ದಿನ ಹಿತವಾಗಿತ್ತು. ಹತ್ತು ದಿನ ಮಲಗಿದೆ. ಸೊಂಟ ಮರಗಟ್ಟಿತು, ಕಾಲಿನ ಸೆಳೆತ ಇದ್ದಲ್ಲೇ ಇತ್ತು. ಎಣ್ಣೆ ತಿಕ್ಕಿಸಿದ್ದೂ ಬೆನ್ನಿಗಷ್ಟೇ ಸುಖ.

ಮಾತ್ರೆಗಳಲ್ಲಿ ನೋವಿನದು ಸ್ವಲ್ಪ ಕೆಲಸ ಮಾಡಿತು, ಆದರೆ ಹೊಟ್ಟೆ ಉರಿ. ನರಕ್ಕೆ ಎಂದು ಕೊಟ್ಟ ಪ್ರಿಗ್ಯಾಬಲಿನ್‌ನಿಂದ ಬರೀ ತೂಕಡಿಕೆ, ಲೆಕ್ಕದಲ್ಲಿ ತಪ್ಪು. ಇಂಥ ಕಾಲು ನೋವಿಗೆ ಇದು ಔಷಧಿಯೇ ಇಲ್ಲದ ಸುಳ್ಳು ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ ಎಂದು 2017ರ ಆಸ್ಟ್ರೇಲಿಯಾದ ಪ್ರಯೋಗವೊಂದು ಹೇಳಿದೆ. ಡಾಕ್ಟರ್ ಹತ್ರ ಮಾತಾಡಿ ನಿಧಾನವಾಗಿ ಬಿಟ್ಟೆ. ಸುಮ್ನೆ ಒಂದೇ ಸಲಕ್ಕೆ ನಿಲ್ಲಿಸಬಾರದು.

ಮುಂದಿನ ಎರಡರ ನಡುವೆಯೇ ನನ್ನ ನಿಜವಾದ ಹೋಲಿಕೆ. ಬೆಂಗಳೂರಿಗೆ ಹೋಗಿ ನರದ ಪಕ್ಕಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡೆ. ಮೂರನೇ ದಿನ ಆರಾಮಾಗಿ ನಡೆದೆ, ಖುಷಿಗೆ ಕಣ್ಣಲ್ಲಿ ನೀರು ಬಂತು. ಐದು ವಾರಕ್ಕೆ ಅರ್ಧ ನೋವು ವಾಪಸ್. (ಶುಗರ್ ಇದ್ದವರು ಮೊದಲೇ ಹೇಳಿ. ಕೆಲವು ದಿನ ಏರುತ್ತದೆ.)

ಆಮೇಲೆ ಫಿಸಿಯೋಥೆರಪಿ. ಬೋರಲು ಮಲಗಿ ಮೊದಲು ಮೊಣಕೈ ಊರುವುದು, ಆಮೇಲೆ ಅಂಗೈ ಊರಿ ಎದೆ ಎತ್ತುವುದು. ಜೊತೆಗೆ ದಿನಾ ನಡಿಗೆ. ಎರಡು ವಾರ ಏನೂ ಆಗಲಿಲ್ಲ. ಮೂರನೇ ವಾರ ಕಾಲು ಹಗುರವಾಗಿ ಸೊಂಟ ಜಾಸ್ತಿ ನೋಯತೊಡಗಿತು. ಹೆದರಿ, "ಮೇಡಂ, ನಿಲ್ಲಿಸಿಬಿಡ್ತೀನಿ" ಅಂದೆ.

"ನೋವು ಪಾದದಿಂದ ಮೇಲಕ್ಕೆ ಬರ್ತಿದೆ ಅಲ್ವಾ ಸರ್? ಅದು ಒಳ್ಳೇದು. ಕೆಳಗೆ ಇಳಿದ್ರೆ ಮಾತ್ರ ನಿಲ್ಸಿ."

ಈ ಮಾತು ಮೊದಲ ವಾರವೇ ಯಾರಾದರೂ ಹೇಳಿದ್ದರೆ ಅಷ್ಟು ದಿನ ಹೆದರಿ ಒದ್ದಾಡುತ್ತಿರಲಿಲ್ಲ. ಎಷ್ಟು ನೋವು ಅನ್ನುವುದಕ್ಕಿಂತ ಎಲ್ಲಿವರೆಗೆ ನೋವು ಅಂತ ಅವತ್ತಿಂದ ಬರೆದಿಟ್ಟುಕೊಂಡೆ: ಪಾದ, ಮೀನಖಂಡ, ತೊಡೆ, ಪಿರ್ರೆ. ಮೂರು ತಿಂಗಳಿಗೆ ಕಾಲು ನೋವು ಪೂರ್ತಿ ಬಿಟ್ಟಿತು. ಬೇಗ ಬೇಕು ಅಂದ್ರೆ ಇಂಜೆಕ್ಷನ್, ಉಳಿಯಬೇಕು ಅಂದ್ರೆ ವ್ಯಾಯಾಮ ಎಂಬುದು ನನ್ನ ಅನುಭವ. ಆದರೆ ನರದ ದಾರಿಯೇ ಕಿರಿದಾದ ವಯಸ್ಸಾದವರಿಗೆ ಹಿಂದಕ್ಕೆ ಬಾಗಿದರೆ ನೋವು ಹೆಚ್ಚಬಹುದು. ಅವರು ನನ್ನದನ್ನು ನೋಡಿ ಮಾಡಬೇಡಿ.

ಆಪರೇಷನ್ ಮಾಡಿಸಲಿಲ್ಲ. 283 ಜನರ ಮೇಲೆ ನಡೆದ ನೆದರ್‌ಲೆಂಡ್ಸ್ ಪ್ರಯೋಗದಲ್ಲಿ (2007), ಬೇಗ ಆಪರೇಷನ್ ಆದವರಿಗೆ ಕಾಲು ನೋವು ಬೇಗ ಹೋಯಿತು. ವರ್ಷದ ಕೊನೆಗೆ ಕಾದವರೂ ಹೆಚ್ಚುಕಮ್ಮಿ ಅಲ್ಲೇ ಬಂದು ನಿಂತರು. ಆದರೆ ಕಾದವರಲ್ಲಿ ಶೇ 39 ಮಂದಿ ಕೊನೆಗೆ ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು ಅನ್ನೋದೂ ನಿಜ. ಮೂತ್ರ ಕಟ್ಟಿದರೆ, ಕೂರುವ ಜಾಗ ಜೋಮು ಹಿಡಿದರೆ, ಪಾದ ಎತ್ತಲು ಆಗದಿದ್ದರೆ ಕಾಯುವ ಮಾತೇ ಇಲ್ಲ, ಅವತ್ತೇ ಆಸ್ಪತ್ರೆ.

ಅದಕ್ಕೇ ಈಗಲೂ ಬೆಳಿಗ್ಗೆ ಮಂಡಿಗೆ ಹೊರಡುವ ಮುಂಚೆ ಅಂಗಳದಲ್ಲಿ ಹಿಮ್ಮಡಿ ಮೇಲೆ ಹತ್ತು ಹೆಜ್ಜೆ ನಡೆದು, ಪಾದ ಎತ್ತಲು ಆಗುತ್ತಾ ಅಂತ ನೋಡುತ್ತೇನೆ. ಹೋದ ಭಾನುವಾರ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಿ, ಬಸವನ ಬಾಯಿಂದ ಬೀಳುವ ನೀರಿಗೆ ಕೈಯೊಡ್ಡಿ ಬಂದೆ. ಇಳಿಯುವಾಗ ಸೊಂಟ ಸ್ವಲ್ಪ ನೋಯಿತು. ಕಾಲಿಗೆ ಇಳಿಯಲಿಲ್ಲ.